ನ್ಯೂಸಮ್ ಮಿಲ್: ಗಡಿಯಾರ ಉಳಿಯಿತು, ಮಿಲ್ ಹೋಯಿತು

ಎಲ್ಲರಿಗೂ ನಮಸ್ಕಾರ. ಇದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಕ್ಕದ ನ್ಯೂಸಮ್. ಗಡಿಯಾರದ ಗೋಪುರ ಕಾಣುತ್ತಿದೆಯಲ್ಲ, ಅದು ಇಲ್ಲಿನ ಉಣ್ಣೆ ಮಿಲ್ಲಿನದು. ಸಾಲು ಸಾಲು ಕಿಟಕಿಗಳ ದೊಡ್ಡ ಕಲ್ಲು ಕಟ್ಟಡ ಇತ್ತು. ಟೇಲರ್ ಆ್ಯಂಡ್ ಲಿಟಲ್‌ವುಡ್ ಅನ್ನೋ ಕಂಪನಿ ಇಲ್ಲಿ ಬಟ್ಟೆ ನೇಯಿಸುತ್ತಿತ್ತು.

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರೆ ಅಲ್ವಾ? ಅಸಲಿ ಮ್ಯಾಂಚೆಸ್ಟರ್ ಇಲ್ಲಿಂದ ಜಾಸ್ತಿ ದೂರ ಇಲ್ಲ. ಆದರೆ ಗುಡ್ಡದ ಆ ಕಡೆ ಹತ್ತಿ, ಈ ಕಡೆ ಉಣ್ಣೆ. ಇಲ್ಲಿನ ಹೊಳೆಗಳ ನೀರು ಮೆದು, ಅಂದರೆ ಸುಣ್ಣದ ಅಂಶ ಕಡಿಮೆ. ಉಣ್ಣೆ ತೊಳೆಯೋಕೆ, ಬಣ್ಣ ಹಾಕೋಕೆ ಅದೇ ಬೇಕು. ಹಡರ್ಸ್‌ಫೀಲ್ಡಿನ ಸೂಟ್ ಬಟ್ಟೆಗೆ ಇವತ್ತಿಗೂ ಭಾರಿ ಹೆಸರು. ಥಾನಿನ ಅಂಚಿನಲ್ಲಿ ಊರಿನ ಹೆಸರನ್ನೇ ನೂಲಿನಲ್ಲಿ ನೇಯ್ದಿರುತ್ತಾರೆ. ಟೈಲರ್ ಮೊದಲು ಕತ್ತರಿಸಿ ಬಿಸಾಕೋದೂ ಅದನ್ನೇ, ಬಿಡಿ!

1983ರಲ್ಲಿ ನ್ಯೂಸಮ್ ಮಿಲ್ ಮುಚ್ಚಿತು. 2016ರ ನವೆಂಬರ್ 17ರ ನಸುಕಿನಲ್ಲಿ ಬೆಂಕಿ ಬಿತ್ತು. ಇಂಥ ಮಿಲ್‌ಗಳು ಯಾಕೆ ಅಷ್ಟು ಬೇಗ ಉರಿದುಹೋಗುತ್ತವೆ ಗೊತ್ತಾ? ಹೊರಗೆ ಕಲ್ಲು, ಆದರೆ ಒಳಗಿನ ನೆಲವೆಲ್ಲ ಮರದ ಹಲಗೆ. ಯಂತ್ರದ ಎಣ್ಣೆ, ಉಣ್ಣೆಯ ಜಿಡ್ಡು ವರ್ಷಗಟ್ಟಲೆ ಹಲಗೆಗೆ ಇಳಿದಿರುತ್ತೆ. ಒಂದು ಅಂತಸ್ತು ಹತ್ತಿಕೊಂಡರೆ ಮುಗೀತು, ಮೇಲಿನದು ಕೆಳಗೆ ಕುಸಿಯುತ್ತೆ. ಕೊನೆಗೆ ಬರೀ ಗೋಡೆ ನಿಲ್ಲುತ್ತೆ. ಇಲ್ಲೂ ಹಾಗೇ ಆಯಿತು. ಗೋಪುರ ಮಾತ್ರ ಬಚಾವಾಯಿತು.

ಎಲ್ಲರೂ ಬೆಂಕಿಯನ್ನೇ ಬೈತಾರೆ. ನನ್ನನ್ನು ಕೇಳಿದರೆ, ಮಿಲ್ ಹೋಗಿದ್ದು ಆ ಒಂದು ರಾತ್ರಿಯಲ್ಲಿ ಅಲ್ಲ. ಇದು ರಕ್ಷಿತ ಕಟ್ಟಡ, ಸುಮ್ನೆ ಕೆಡವೋ ಹಾಗಿರಲಿಲ್ಲ. ಆದರೆ ಕಾಗದದ ಮೇಲಿನ ರಕ್ಷಣೆ ಸೋರುವ ಮಾಡಿಗೆ ಹಂಚು ಹೊದಿಸುತ್ತಾ? ದೊಡ್ಡ ಕಟ್ಟಡಕ್ಕೆ ಒಳಗೆ ಜನ ಓಡಾಡಬೇಕು, ಬಾಡಿಗೆ ಬರಬೇಕು. ಅದಿಲ್ಲದೆ ಎಷ್ಟು ವರ್ಷ ಅಂತ ನಿಲ್ಲುತ್ತೆ?

1950, 60ರ ದಶಕಗಳಲ್ಲಿ ಪಂಜಾಬಿನಿಂದ, ಪಾಕಿಸ್ತಾನದ ಹಿಡಿತದಲ್ಲಿರೋ ಕಾಶ್ಮೀರದ ಮೀರ್‌ಪುರದಿಂದ ಬಂದ ಎಷ್ಟೋ ಜನ ಈ ಭಾಗದ ಮಿಲ್‌ಗಳಲ್ಲಿ ರಾತ್ರಿ ಪಾಳಿ ಮಾಡಿದರು. ಅವರ ಮೊಮ್ಮಕ್ಕಳು ಇವತ್ತು ಇಲ್ಲಿನವರೇ. ಗೋಪುರ ನೋಡಿದರೆ ಕಟ್ಟಿಸಿದ ಮಾಲೀಕರ ಗತ್ತು ತಿಳಿಯುತ್ತೆ. ಮಗ್ಗದ ಮುಂದೆ ನಿಂತವರ ಕಥೆ ತಿಳಿಯೋದು ಎಲ್ಲಿಂದ?

ದಾವಣಗೆರೆಯವರು ಯಾರಾದರೂ ನೋಡ್ತಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಅಜ್ಜ, ದೊಡ್ಡಪ್ಪ ಕಾಟನ್ ಮಿಲ್ಲಿನಲ್ಲಿದ್ದರೆ, ಯಾವ ಖಾತೆ, ಯಾವ ಪಾಳಿ, ಪಗಾರ ಎಷ್ಟಿತ್ತು ಅಂತ ಕೇಳಿ, ಕಾಮೆಂಟಿನಲ್ಲಿ ಹಾಕಿ. ಮಿಲ್ಲಿನ ಒಳಗಿನ ಹಳೇ ಫೋಟೋ ಇದ್ದರೆ ಇನ್ನೂ ಒಳ್ಳೇದು.