ಒಂದು ಮರಕ್ಕೆ ಇಬ್ಬರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಯಾರ್ಕಿನಲ್ಲಿ, ಮೋಹಾಕ್ ನದಿಯ ಬಯಲಲ್ಲಿ, ಹಿಂದೆ ಟ್ರಯಾನ್ ಕೌಂಟಿ ಅಂತ ಒಂದು ಜಿಲ್ಲೆ ಇತ್ತು. ಜರ್ಮನಿಯಿಂದ ಬಂದು ನೆಲೆಸಿದ ರೈತ ಮನೆತನಗಳೇ ಅಲ್ಲಿ ಜಾಸ್ತಿ. ಊರಿಗೆ ಆಪತ್ತು ಬಂದಾಗ ಇವರೇ ಹೊಲ ಬಿಟ್ಟು ಕೋವಿ ಹಿಡಿಯಬೇಕು. ಅದೇ ಮಿಲಿಷಿಯಾ. ತಮಾಷೆ ನೋಡಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಈ ಜಿಲ್ಲೆಗೆ ಬ್ರಿಟಿಷ್ ಗವರ್ನರ್ ಒಬ್ಬನ ಹೆಸರೇ ಇತ್ತು!

1777ರ ಆಗಸ್ಟ್‌ನಲ್ಲಿ ಬ್ರಿಟಿಷರ ಕಡೆಯವರು ಅಮೆರಿಕನ್ನರ ಕೈಯಲ್ಲಿದ್ದ ಸ್ಟ್ಯಾನ್ವಿಕ್ಸ್ ಕೋಟೆಗೆ ಮುತ್ತಿಗೆ ಹಾಕಿದರು. ಮಿಲಿಷಿಯಾದ ಜನರಲ್ ನಿಕೋಲಸ್ ಹರ್ಕಿಮರ್ ಸುಮಾರು 800 ಜನರನ್ನು ಕಟ್ಟಿಕೊಂಡು ನೆರವಿಗೆ ಹೊರಟ. ಕೋಟೆಯಿಂದ ಸಂಕೇತವಾಗಿ ಮೂರು ಫಿರಂಗಿ ಸದ್ದು ಕೇಳಲಿ, ಆಮೇಲೆ ಹೋಗೋಣ ಅಂದ. ಕೈಕೆಳಗಿನ ಅಧಿಕಾರಿಗಳು ಕೇಳಲಿಲ್ಲ. ಅವನ ತಮ್ಮ ಬ್ರಿಟಿಷರ ಜೊತೆಗಿದ್ದ ನೋಡಿ, ಹೇಡಿ, ದ್ರೋಹಿ ಅಂತ ಮುಖದ ಮೇಲೇ ಅಂದರು. ಮಾತು ತಡೆಯಲಾರದೆ ಅವನು ನಡೆಯಿರಿ ಅಂದುಬಿಟ್ಟ. ನನಗಂತೂ ಅವನು ಸೋತದ್ದು ಅಲ್ಲೇ ಅನಿಸುತ್ತದೆ.

ಆಗಸ್ಟ್ 6. ಒರಿಸ್ಕನಿ ಹತ್ತಿರ ಒಂದು ಕಣಿವೆ, ಕೆಳಗೆಲ್ಲ ಕೆಸರು. ಸುತ್ತಲಿನ ಕಾಡಿನಲ್ಲಿ ಸೆನೆಕಾ, ಮೋಹಾಕ್ ಎಂಬ ಮೂಲನಿವಾಸಿ ಬುಡಕಟ್ಟುಗಳ ಯೋಧರೂ ರಾಜನ ಪರ ನಿಂತ ವಲಸಿಗರೂ ಹೊಂಚು ಹಾಕಿ ಕೂತಿದ್ದರು. ಮುಂಚೂಣಿಯಲ್ಲಿದ್ದ ಕರ್ನಲ್ ಕಾಕ್ಸ್ ಮೊದಲೇ ಬಿದ್ದ. ಹಿಂದಿದ್ದವರಲ್ಲಿ ಬಹಳ ಮಂದಿ ಓಡಿದರು. ಹರ್ಕಿಮರನ ಕುದುರೆ ಸತ್ತಿತು, ಅವನ ಕಾಲು ನುಚ್ಚಾಯಿತು. ಕುದುರೆಯ ಜೀನನ್ನು ಮರದ ಬುಡಕ್ಕೆ ಹಾಕಿಸಿಕೊಂಡು ಕೂತ. ಪೈಪು ಸೇದುತ್ತಾ ಅಪ್ಪಣೆ ಕೊಡತೊಡಗಿದ.

ಆಗಿನ ಕೋವಿಗೆ ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ಜಡಿಯಬೇಕು. ಒಂದು ಗುಂಡು ಹಾರಿತೋ, ಇನ್ನೊಂದು ತುಂಬುವಷ್ಟರಲ್ಲಿ ಎದುರಾಳಿ ಕೊಡಲಿ ಹಿಡಿದು ಮೈಮೇಲೆ ಬರುತ್ತಿದ್ದ. ಅಷ್ಟರಲ್ಲಿ ಗುಡುಗು ಮಳೆ ಸುರಿದು ಕಾಳಗ ನಿಂತಿತು. ಮಳೆ ಬಿಟ್ಟ ಮೇಲೆ ಹೊಸ ಏರ್ಪಾಟು: ಒಂದು ಮರಕ್ಕೆ ಇಬ್ಬರು. ಒಬ್ಬ ಹಾರಿಸಿದರೆ ಇನ್ನೊಬ್ಬ ತುಂಬಿದ ಕೋವಿ ಹಿಡಿದು ಕಾಯಬೇಕು. ಇವರ ಜೊತೆಗಿದ್ದ ಒನೈಡಾ ಬುಡಕಟ್ಟಿನ ಯೋಧ ಹಾನ್ ಯೆರಿಗೆ ಈ ಪಾಠ ಬೇಕಿರಲಿಲ್ಲ. ಮಣಿಕಟ್ಟಿಗೆ ಗುಂಡು ಬಿದ್ದಿದ್ದ ಅವನಿಗೆ ಹೆಂಡತಿಯೇ ಪಕ್ಕದಲ್ಲಿದ್ದು ಕೋವಿ ತುಂಬಿಕೊಡುತ್ತಿದ್ದಳು.

ಪಡೆ ಕೋಟೆ ಮುಟ್ಟಲೇ ಇಲ್ಲ. ಆದರೆ ಇತ್ತ ಕಾಳಗ ನಡೆಯುತ್ತಿದ್ದಾಗ ಕೋಟೆಯವರು ಹೊರಬಂದು ಶತ್ರುವಿನ ಬಿಡಾರ ದೋಚಿದರು. ಆಗಸ್ಟ್ 22ಕ್ಕೆ ಮುತ್ತಿಗೆ ಮುರಿಯಿತು. ಕಾಲು ಕತ್ತರಿಸಿದ ಮೇಲೆ ಹರ್ಕಿಮರ್ ಅದನ್ನು ನೋಡಲು ಉಳಿದಿರಲಿಲ್ಲ.

1784ರಲ್ಲಿ ಜಿಲ್ಲೆ ಟ್ರಯಾನ್ ಹೆಸರನ್ನು ಕಿತ್ತೊಗೆದು ಮಾಂಟ್‌ಗೊಮರಿ ಆಯಿತು. 1791ರಲ್ಲಿ ಅದರಿಂದ ಇನ್ನೊಂದು ಜಿಲ್ಲೆ ಒಡೆದರು. ಅದಕ್ಕಿಟ್ಟ ಹೆಸರು ಹರ್ಕಿಮರ್.

ನಮಸ್ಕಾರ.