ಮೂಗು ಮುರಿದು ನಕ್ಕ ಸಂಪಾದಕ

ಕೇಳುಗರೇ, ನಮಸ್ಕಾರ.

1918ರ ಬೇಸಿಗೆ. ಜಪಾನಿನ ತೊಯಾಮಾ ಕರಾವಳಿಯ ಉಒಜು ಎಂಬ ಊರು. ಅಕ್ಕಿ ಕೊಳ್ಳಲು ಕೈಲಾಗುತ್ತಿಲ್ಲ, ಕಣ್ಣೆದುರೇ ಮೂಟೆಗಳು ಹಡಗು ಹತ್ತುತ್ತಿವೆ. ಮೀನುಗಾರರ ಹೆಂಡಂದಿರು ಹೋಗಿ ಅಡ್ಡ ನಿಂತರು. ಆ ಕಿಚ್ಚು ದೇಶವೆಲ್ಲ ಹಬ್ಬಿತು, ಸೈನ್ಯ ಬೀದಿಗಿಳಿಯಿತು. ಪ್ರಧಾನಿ ತೆರಾವುಚಿಯ ಸರ್ಕಾರಕ್ಕೆ ಹೊಳೆದ ಮದ್ದು ಏನು ಗೊತ್ತೆ? ಆಗಸ್ಟ್ 14ರಂದು, ಅಕ್ಕಿ ದಂಗೆಯ ಸುದ್ದಿಯನ್ನೇ ಅಚ್ಚು ಹಾಕಕೂಡದೆಂಬ ಆಜ್ಞೆ!

ನಗೋಯಾದ ‘ಶಿನ್ ಐಚಿ’ ಪತ್ರಿಕೆಯಲ್ಲಿ ಆಗ ಸಂಪಾದಕೀಯ ಬರೆಯುತ್ತಿದ್ದವರು ಕಿರ್ಯೂ ಯೂಯೂ. ಯೂಯೂ ಅನ್ನುವುದು ಕಾವ್ಯನಾಮ; ನಿರಾಳ, ಆತುರವಿಲ್ಲದ್ದು ಎಂದರ್ಥ. ಆಜ್ಞೆ ಹೊರಟದ್ದೇ ತಡ, ದೇಶದ ಪತ್ರಿಕೆಗಳೆಲ್ಲ ಎದ್ದು ನಿಲ್ಲಬೇಕೆಂದು ಅವರು ಬರೆದರು. ಹೆಸರಿನ ನಿರಾಳ ಅಲ್ಲಿಗೆ ಮುಗಿಯಿತು. ಸೆಪ್ಟೆಂಬರಿನಲ್ಲಿ ಸರ್ಕಾರವೇ ಉರುಳಿತು.

1933ರ ಹೊತ್ತಿಗೆ ಗಾಳಿ ಬದಲಾಗಿತ್ತು. ಹಿಂದಿನ ವರ್ಷವಷ್ಟೇ ನೌಕಾಪಡೆಯ ಯುವ ಅಧಿಕಾರಿಗಳು ಪ್ರಧಾನಿ ಇನುಕಾಯಿಯನ್ನು ಅವರ ನಿವಾಸದಲ್ಲೇ ಗುಂಡಿಟ್ಟು ಕೊಂದಿದ್ದರು. ಆ ಆಗಸ್ಟಿನಲ್ಲಿ ಟೋಕಿಯೊ ಸುತ್ತಮುತ್ತ ವಾಯುದಾಳಿ ತಡೆಯುವ ಭಾರಿ ತಾಲೀಮು ನಡೆಯಿತು. ದೀಪ ಆರಿಸಿ, ಕತ್ತಲಲ್ಲಿ ಕೂತು, ಶತ್ರು ವಿಮಾನ ಬಂದಂತೆ ನಟಿಸುವುದು. ಯೂಯೂ ಆಗ ನಗಾನೊದ ‘ಶಿನಾನೊ ಮೈನಿಚಿ’ಯಲ್ಲಿದ್ದರು. ಆಗಸ್ಟ್ 11ರ ಸಂಪಾದಕೀಯದ ತಲೆಬರಹದಲ್ಲೇ ಆ ತಾಲೀಮನ್ನು ನೋಡಿ ನಕ್ಕರು. ಅಲ್ಲಿ ಅವರು ಬಳಸಿದ ಜಪಾನಿ ಅಕ್ಷರ ಹಲ್ಲು ಬಿಡುವ ನಗುವಿನದಲ್ಲ, ಮೂಗು ಮುರಿಯುವ ನಗುವಿನದು.

ಅವರ ವಾದ ಸರಳ. ಟೋಕಿಯೊದ ಮನೆಗಳೆಲ್ಲ ಮರದವು. ನೆತ್ತಿಯ ಮೇಲೆ ವಿಮಾನ ಬಂತು ಎಂದರೆ ಆಗಲೇ ಸೋತಂತೆ. ಒಂದೆರಡು ಬಾಂಬಿಗೇ ಊರು ಬೂದಿ. ತಡೆಯುವುದಿದ್ದರೆ ದೂರದಲ್ಲೇ ತಡೆಯಿರಿ, ದೀಪ ಆರಿಸಿ ಏನು ಪ್ರಯೋಜನ? ಬೈಗುಳವಲ್ಲ, ಬರೀ ಲೆಕ್ಕ. ಸೈನ್ಯದವರಿಗೆ ಉರಿದದ್ದೂ ಅದಕ್ಕೇ ಇರಬೇಕು. ಪತ್ರಿಕೆ ಕೊಳ್ಳುವುದನ್ನೇ ನಿಲ್ಲಿಸುತ್ತೇವೆಂದು ನಿವೃತ್ತ ಸೈನಿಕರ ಸಂಘದವರು ಬೆದರಿಸಿದರು. ಯೂಯೂ ಕೆಲಸ ಬಿಟ್ಟರು.

1945ರ ಮಾರ್ಚ್ 10ರ ಒಂದೇ ರಾತ್ರಿ ವಾಯುದಾಳಿಗೆ ಟೋಕಿಯೊದಲ್ಲಿ ಸುಮಾರು 1 ಲಕ್ಷ ಜನ ಬೆಂದುಹೋದರು. ಅದನ್ನು ನೋಡಲು ಅವರಿರಲಿಲ್ಲ.

ಕೆಲಸ ಬಿಟ್ಟವರು ನಗೋಯಾ ಬಳಿಯ ಮೊರಿಯಾಮಾದಲ್ಲಿ ಮನೆಯಿಂದಲೇ ಒಂದು ಪುಟ್ಟ ಪತ್ರಿಕೆ ತಂದರು. ಹೆಸರು ‘ತಜಾನ್ ನೊ ಇಶಿ’, ಅಂದರೆ ಬೇರೆ ಬೆಟ್ಟದ ಕಲ್ಲು. ಪರದೇಶದ ಪುಸ್ತಕಗಳ ಸಾರವನ್ನು ಅದರಲ್ಲಿ ಕೊಡುತ್ತಿದ್ದರು, ನಮ್ಮ ಕಲ್ಲಿಗೆ ಸಾಣೆ ಹಿಡಿಯಲಿ ಎಂದು. ಸಂಚಿಕೆಗಳು ಮತ್ತೆ ಮತ್ತೆ ಮುಟ್ಟುಗೋಲಾದವು. ಇವರೂ ಮತ್ತೆ ಮತ್ತೆ ಅಚ್ಚು ಹಾಕಿದರು.

1941ರಲ್ಲಿ ಗಂಟಲಿಗೆ ಕ್ಯಾನ್ಸರ್. ಪತ್ರಿಕೆ ನಿಲ್ಲಿಸುತ್ತೇನೆಂದು ಓದುಗರಿಗೆ ವಿದಾಯ ಬರೆದರು. ಯುದ್ಧ ಮುಗಿದ ಮೇಲೆ ಸೈನ್ಯ ಕುಗ್ಗುವುದನ್ನು ನೋಡಲಾಗದು, ಅದೊಂದೇ ಕೊರಗು ಎಂದರು. ಸೆಪ್ಟೆಂಬರ್ 10ರಂದು ತೀರಿಕೊಂಡರು. ಅದಾದ ಬೆನ್ನಲ್ಲೇ ಸರ್ಕಾರದ ಕಾಗದ ಮನೆಗೆ ಬಂತು: ಆ ವಿದಾಯವನ್ನೂ ನಿಷೇಧಿಸಲಾಗಿದೆ.