ಹೊಳೆಯ ಹೆಸರು ಬದಲಾದರೆ ಹಾಡು ತಪ್ಪಿತೇ?

ಎಲ್ಲರಿಗೂ ನಮಸ್ಕಾರ. ಅಂಕೋಲೆಯ ಹತ್ತಿರದ ಒಂದು ಊರಿನಲ್ಲಿ ಜನಪದ ಹಾಡಿನ ಕಾರ್ಯಕ್ರಮ ಮುಗಿದು ಜನರು ಕುರ್ಚಿ ಬಿಟ್ಟು ಏಳುತ್ತಿದ್ದಾಗ ನನ್ನ ಹಿಂದಿನ ಸಾಲಿನಲ್ಲಿ ನಡೆದ ಒಂದು ವಾದದಿಂದ ಇವತ್ತಿನ ಮಾತನ್ನು ಆರಂಭಿಸುತ್ತೇನೆ. ವೇದಿಕೆಯ ಮೇಲೆ ಹಾಡಿದ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯೊಬ್ಬರು, ನೀರಿಗೆ ಹೋದ ಹೆಣ್ಣುಮಗಳ ಕಥೆಯನ್ನು ಹೇಳುವ ಹಾಡಿನಲ್ಲಿ, ಆಕೆಯನ್ನು ಅಘನಾಶಿನಿ ಹೊಳೆಯ ದಂಡೆಗೆ ಕಳಿಸಿದ್ದರು. ಹಿಂದಿನ ಸಾಲಿನ ಯುವಕನ ಮೊಬೈಲಿನಲ್ಲಿ ಅದೇ ಹಾಡಿನ ಅಚ್ಚಾದ ಪಾಠದ ಚಿತ್ರವಿತ್ತು, ಅದರಲ್ಲಿದ್ದುದು ಗಂಗಾವಳಿ ಹೊಳೆ. "ಅಜ್ಜಿಗೆ ವಯಸ್ಸಾಯಿತು, ಮರೆತಿದ್ದಾರೆ" ಎಂದು ಅವನು ಹೇಳಿದ. ಅವನ ಜೊತೆಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಸಾಲುಗಳು ಬಿಟ್ಟುಹೋಗಿವೆ, ಒಂದು ಸಾಲು ಎರಡು ಸಲ ಬಂದಿದೆ ಎಂದು ಲೆಕ್ಕ ಒಪ್ಪಿಸಿದ. ಇಬ್ಬರೂ ಹಾಡನ್ನು ಪ್ರೀತಿಸುವವರೇ. ಇಲ್ಲದಿದ್ದರೆ ಅಷ್ಟು ದೂರದಿಂದ ಬೈಕಿನಲ್ಲಿ ಬಂದು, ರಾತ್ರಿ ಹನ್ನೊಂದರವರೆಗೆ ಕೂತು, ಸಾಲು ಎಣಿಸುತ್ತಿರಲಿಲ್ಲ. ಆದರೆ ಅವರ ಎಣಿಕೆಯ ಕ್ರಮವೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವರಿಗೆ ಈ ಅಭ್ಯಾಸ ಎಲ್ಲಿಂದ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನನಗೂ ಅಲ್ಲಿಂದಲೇ ಬಂದಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಿವಿ ಯಕ್ಷಗಾನದ ಕಿವಿ. ಯಕ್ಷಗಾನದಲ್ಲಿ ಪದ್ಯವು ಪ್ರಸಂಗಕರ್ತನದು. ಭಾಗವತನು ಅದನ್ನು ಯಾವ ರಾಗದಲ್ಲಿ ಎತ್ತಿಕೊಳ್ಳಬೇಕು, ಎಷ್ಟು ಎಳೆಯಬೇಕು ಎಂಬುದನ್ನು ನಿರ್ಧರಿಸಬಹುದೇ ಹೊರತು ಪದ್ಯದ ಮಾತನ್ನು ತನ್ನ ಮನಸ್ಸಿಗೆ ಬಂದಂತೆ ಕಟ್ಟಿಕೊಳ್ಳುವಂತಿಲ್ಲ. ಆಶುವಾಗಿ, ಅಂದರೆ ಆ ಗಳಿಗೆಯಲ್ಲೇ, ಹುಟ್ಟುವುದು ವೇಷಧಾರಿಯ ಅರ್ಥಗಾರಿಕೆ, ಅಂದರೆ ಅವನ ಮಾತುಗಾರಿಕೆ. ಹೀಗಾಗಿ ಪದ ತಪ್ಪಿದರೆ ಹಿಂದಿನ ಸಾಲಿನಲ್ಲಿ ಕೂತವನಿಗೂ ಗೊತ್ತಾಗುತ್ತದೆ, ಗೊತ್ತಾಗಲೂ ಬೇಕು. ಅದೇ ಅಳತೆಗೋಲನ್ನು ಸುಗ್ಗಿಯ ಪದಕ್ಕೋ ಮದುವೆಯ ಹಾಡಿಗೋ ಗುಮಟೆ ವಾದ್ಯದ ಜೊತೆ ಹಾಡುವ ಪದಕ್ಕೋ ಹಿಡಿದಾಗ ಮಾತ್ರ ತೊಂದರೆ ಉಂಟಾಗುತ್ತದೆ. ಅಲ್ಲಿ ಪ್ರಸಂಗದ ಪುಸ್ತಕವಿಲ್ಲ. ಅಲ್ಲಿ ಪದವೇ ಆಶು.

ಹಾಡು ನಡೆಯುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಬ್ಬರು ಮುಂದೆ ಹಾಡುತ್ತಾರೆ, ಉಳಿದವರು ಸೊಲ್ಲನ್ನು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಯನ್ನು, ಎತ್ತಿಕೊಳ್ಳುತ್ತಾರೆ. ಕೇಳುಗರಿಗೆ ಸೊಲ್ಲು ಬರಿಯ ಪುನರಾವರ್ತನೆ ಎನ್ನಿಸಬಹುದು. ಮುಂದೆ ಹಾಡುವವರಿಗೆ ಅದು ಉಸಿರು ತೆಗೆದುಕೊಳ್ಳುವ ಹೊತ್ತು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಸಾಲನ್ನು ಹುಡುಕಿಕೊಳ್ಳುವ ಹೊತ್ತು. ಸಾಲು ಸಿಕ್ಕದಿದ್ದರೆ ಹಿಂದಿನ ಸಾಲನ್ನೇ ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಹೇಳುತ್ತಾರೆ, ಹಿಂದಿನವರು ಮತ್ತೆ ಸೊಲ್ಲು ಹಿಡಿಯುತ್ತಾರೆ, ಅಷ್ಟರಲ್ಲಿ ಕಥೆ ಮುಂದಕ್ಕೆ ಸರಿಯುತ್ತದೆ. ನಮ್ಮ ಯುವಕ ಎಣಿಸಿದ ಆ "ಎರಡು ಸಲ ಬಂದ ಸಾಲು" ಇದೇ. ಅದು ಮರೆವಿನ ಗುರುತಲ್ಲ, ಹಾಡು ಆ ಗಳಿಗೆಯಲ್ಲಿ ಕಟ್ಟಲ್ಪಡುತ್ತಿದೆ ಎಂಬುದರ ಗುರುತು.

ಹೊಳೆಯ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳ ಹಾಡುಗಳು ತವರಿನಿಂದ ಗಂಡನ ಮನೆಗೆ ಅವರ ಜೊತೆಗೇ ಬರುತ್ತವೆ. ಗಂಗಾವಳಿಯ ಬದಿಯ ಕೊಪ್ಪದಿಂದ (ಹಾಲಕ್ಕಿಗಳ ಕೇರಿಗೆ ಕೊಪ್ಪ ಎನ್ನುತ್ತಾರೆ) ಕುಮಟೆಯ ಕಡೆಗೆ ಮದುವೆಯಾಗಿ ಹೋದ ಹುಡುಗಿ ಅಲ್ಲಿನ ಹೆಂಗಸರ ನಡುವೆ ನಾಟಿ ಮಾಡುತ್ತಾ ಹಾಡುವಾಗ, ಕೇಳುವವರ ಕಣ್ಣಿಗೆ ಕಟ್ಟುವುದು ಅಘನಾಶಿನಿಯೇ ಹೊರತು ಗಂಗಾವಳಿಯಲ್ಲ. ಕಾರ್ಯಕ್ರಮದ ಮರುವಾರ ನಾನು ಆ ಅಜ್ಜಿಯ ಮನೆಗೆ ಹೋಗಿ, ಈ ಗೊಂದಲವನ್ನೇ ಮುಂದಿಟ್ಟು, ಹಾಡನ್ನು ಇನ್ನೊಮ್ಮೆ ಹೇಳಿಕೊಡಿ ಎಂದು ಕೇಳಿಕೊಂಡೆ. ಅವರು ಎಲೆಯಡಿಕೆ ಹಾಕಿಕೊಂಡು, "ತಮಾ, ನಿಂದು ಯಾವೂರು?" ಎಂದರು. ಹೊನ್ನಾವರ ಎಂದೆ. ಹಾಡಿನ ಹೆಣ್ಣುಮಗಳು ಆ ಮಧ್ಯಾಹ್ನ ನೀರಿಗೆ ಹೋದದ್ದು ನಮ್ಮೂರಿನ ಹೊಳೆ ಶರಾವತಿಗೆ. ಅಚ್ಚಾದ ಪಾಠದ ಮಾತನ್ನು ತೆಗೆದರೆ ಅವರು ನಕ್ಕರು. ಅದನ್ನು ಹಾಡಿದವರ ಮನೆ ಗಂಗಾವಳಿಯ ಹತ್ತಿರ ಇದ್ದಿರಬೇಕು ಎಂದಷ್ಟೇ ಹೇಳಿ, ಗದ್ದೆಯ ಕೆಲಸದ ಮಾತಿಗೆ ತಿರುಗಿದರು.

ಅಚ್ಚಿನ ಪುಸ್ತಕಗಳನ್ನು ನಾನು ದೂರುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಕುಮಟೆಯ ಡಾ. ಎಲ್. ಆರ್. ಹೆಗಡೆ, ಹೊನ್ನಾವರದ ಡಾ. ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಮೊದಲಾದವರು ಕೊಪ್ಪ ಕೇರಿಗಳನ್ನು ಸುತ್ತಿ ಸಂಗ್ರಹಿಸದೆ ಹೋಗಿದ್ದರೆ ಇವತ್ತು ನಮಗೆ ವಾದ ಮಾಡುವುದಕ್ಕೂ ಪಾಠ ಇರುತ್ತಿರಲಿಲ್ಲ. ಆದರೆ ಕಾಗದಕ್ಕೆ ತನ್ನದೇ ಆದ ಒಂದು ಜಿಪುಣತನವಿದೆ. ಸೊಲ್ಲನ್ನು ಮೊದಲ ಸಲ ಮಾತ್ರ ಬರೆದು ಆಮೇಲೆ ಬಿಡುವುದು, ಹಾಡುಗಾರ್ತಿ ತಡವರಿಸಿದ ಜಾಗವನ್ನು ತಿದ್ದುವುದು, ಅರ್ಥವಿಲ್ಲದ ಅಕ್ಷರಗಳನ್ನು ತೆಗೆದುಹಾಕುವುದು ಮುದ್ರಣದಲ್ಲಿ ಸಹಜವೆನಿಸುತ್ತದೆ. ಹೀಗೆ ಉಳಿದದ್ದು ಒಬ್ಬರು ಒಂದು ದಿನ ಒಂದು ಅಂಗಳದಲ್ಲಿ ಹಾಡಿದ್ದರ ಸಾರಾಂಶ. ಸಾರಾಂಶವನ್ನು ಮೂಲವೆಂದು ಹಿಡಿದು, ಬದುಕಿರುವ ಹಾಡುಗಾರ್ತಿಯನ್ನು ಅದಕ್ಕೆ ಹೋಲಿಸಿ ಅಂಕ ಕೊಡುವುದು ತಲೆಕೆಳಗಾದ ಕೆಲಸ.

ಎಣಿಕೆಯ ಈ ಚಟ ಸುಕ್ರಜ್ಜಿಯನ್ನೂ ಬಿಡಲಿಲ್ಲ. ಸುಕ್ರಜ್ಜಿ ಎಂದೇ ಕರೆಯಲಾಗುತ್ತಿದ್ದ ಹಾಲಕ್ಕಿ ಹಾಡುಗಾರ್ತಿ, ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗಲೂ, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೂ, ಅವರಿಗೆ ಬರುತ್ತಿದ್ದ ಹಾಡುಗಳ ಸಂಖ್ಯೆಯನ್ನು ಒಬ್ಬರು ಸಾವಿರ ಎಂದರು, ಇನ್ನೊಬ್ಬರು ಹಲವು ಸಾವಿರ ಎಂದರು. ಯಾರು ಹೇಗೆ ಎಣಿಸಿದರು? ಹೊಳೆಯ ಹೆಸರು ಬದಲಾದರೆ ಅದು ಎರಡನೆಯ ಹಾಡೇ? ಮದುವೆಮನೆಯಲ್ಲಿ ಮದುಮಗಳ ಹೆಸರು ಸೇರಿಸಿ ಹಾಡಿದರೆ ಮೂರನೆಯದೇ? ಆ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಅವರ ದೊಡ್ಡತನವಾಗಿತ್ತು. ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದಾಗಲೂ ಅವರ ಕೈಯಲ್ಲಿದ್ದದ್ದು ಈ ಮಾತಿನ ಶಕ್ತಿಯೇ.

ಇನ್ನು ವೇದಿಕೆಯ ವಿಷಯ. ಇಲ್ಲಿ ನಾನು ಕೇಳುಗರಿಗಿಂತ ಸಂಘಟಕರ ಮೇಲೆ ಹೆಚ್ಚು ಸಿಟ್ಟಾಗಿದ್ದೇನೆ. ಹಾಲಕ್ಕಿಗಳ ಸುಗ್ಗಿ ಕುಣಿತ ಹೋಳಿ ಹುಣ್ಣಿಮೆಯ ಹೊತ್ತಿಗೆ, ಬಣ್ಣದ ತುರಾಯಿ ಕಟ್ಟಿಕೊಂಡ ತಂಡ ಮನೆಯಿಂದ ಮನೆಗೆ ಹೋಗಿ, ಅಂಗಳದಲ್ಲಿ ದುಂಡಗೆ ಸುತ್ತುತ್ತಾ ಮಾಡುವ ಕುಣಿತ. ವೇದಿಕೆ ಹತ್ತಿಸಿದ ಕೂಡಲೇ ಆ ಸುತ್ತು ಒಡೆದು ಸಾಲಾಗುತ್ತದೆ, ಏಕೆಂದರೆ ಮುಂದಿನ ಸಾಲಿನಲ್ಲಿ ಕೂತ ಅತಿಥಿಗಳಿಗೆ ಕುಣಿಯುವವರ ಬೆನ್ನು ಕಾಣಬಾರದಂತೆ. ಹತ್ತು ನಿಮಿಷ ಕೊಟ್ಟಿರುತ್ತಾರೆ. ನಿರೂಪಕರ ಪರಿಚಯದ ಮಾತೇ ನಾಲ್ಕು ನಿಮಿಷ ತಿನ್ನುತ್ತದೆ. ಮೈಕು ಒಂದೇ ಇರುತ್ತದೆ, ಅದನ್ನು ಮುಂದೆ ಹಾಡುವವರ ಬಾಯಿಗೆ ಹಿಡಿಯುತ್ತಾರೆ. ಸೊಲ್ಲು ಎತ್ತುವವರ ದನಿ ಸಭೆಗೆ ತಲುಪುವುದೇ ಇಲ್ಲ. ಹಾಡಿನ ಅರ್ಧವನ್ನು ಹೀಗೆ ಕತ್ತರಿಸಿದ ಮೇಲೆ, ಉಳಿದ ಅರ್ಧ ಬಡವಾಗಿ ಕೇಳಿಸಿತೆಂದು ನಾವು ದೂರುತ್ತೇವೆ.

ಗುಮಟೆಯ ಬಗ್ಗೆಯೂ ಇಂಥದೇ ಒಂದು ದೂರು ಆಗಾಗ ಕೇಳಿಬರುತ್ತದೆ: ಹಳೆಯ ನಾದ ಈಗಿಲ್ಲ ಎಂದು. ಮಣ್ಣಿನ ಮಡಕೆಯ ಅಗಲ ಬಾಯಿಗೆ ಚರ್ಮ ಬಿಗಿದು, ಕಿರಿದಾದ ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚುತ್ತಾ ತೆರೆಯುತ್ತಾ ನಾದವನ್ನು ಏರಿಸಿ ಇಳಿಸುವ ವಾದ್ಯ ಅದು. ಮೊದಲು ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಉಡವನ್ನು ಕೊಲ್ಲುವುದು ಅಪರಾಧ, ಹೀಗಾಗಿ ಈಗ ಆಡಿನ ಚರ್ಮ ಬಂದಿದೆ. ನಾದ ಬದಲಾದದ್ದು ನಿಜ, ಬದಲಾಗಬೇಕಾದದ್ದೂ ಸರಿಯೇ. ಚರ್ಮವನ್ನು ಕಾಯಿಸಿ ಬಿಗಿ ಮಾಡಿಕೊಳ್ಳಲು ವಾದಕರಿಗೆ ಹದಿನೈದು ನಿಮಿಷ ಬಿಡುವು ಕೊಟ್ಟರೆ ಅರ್ಧ ದೂರು ಅಲ್ಲಿಯೇ ತೀರುತ್ತದೆ.

ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಡಮಾಮಿ ಎಂಬ ಚರ್ಮವಾದ್ಯ ಬಾರಿಸುತ್ತಾ ಹಾಡುವುದನ್ನು ಕೇಳಲು ಬಂದವರು, "ಸಾಹಿತ್ಯ ಅರ್ಥವಾಗಲಿಲ್ಲ" ಎಂದು ಮುಖ ತಿರುಗಿಸುವುದನ್ನೂ ನೋಡಿದ್ದೇನೆ. ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು ಅದು. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಜಿಲ್ಲೆಯಲ್ಲಿ ಒಂದೇ ನುಡಿಯ ಹಾಡನ್ನು ನಿರೀಕ್ಷಿಸುವುದು ಕೇಳುಗನ ಆಲಸ್ಯವೆಂದೇ ಹೇಳುತ್ತೇನೆ. ಪಕ್ಕದಲ್ಲಿ ಕೂತ ಸಿದ್ದಿ ಹೆಂಗಸನ್ನು ಕೇಳಿದರೆ ಅರ್ಥ ಹೇಳುತ್ತಾರೆ.

ಹಾಗಾದರೆ ಏನು ಹಾಡಿದರೂ ಸರಿಯೇ, ತಪ್ಪೆಂಬುದೇ ಇಲ್ಲವೇ ಎಂದು ನನ್ನ ಸ್ನೇಹಿತರೊಬ್ಬರು ಕೇಳಿದ್ದರು. ತಪ್ಪು ಇದೆ, ಅದನ್ನು ಗುರುತಿಸುವವರೂ ಇದ್ದಾರೆ. ಮುಂದೆ ಹಾಡುವವರು ಸೊಲ್ಲಿನ ಅಳತೆಗೆ ಹೊಂದದ ಸಾಲನ್ನು ತಂದರೆ ಹಿಂದಿನವರು ಎತ್ತಿಕೊಳ್ಳುವುದಿಲ್ಲ. ಒಂದು ಗಳಿಗೆ ಹಾಡು ಮುಗ್ಗರಿಸುತ್ತದೆ, ಯಾರಾದರೂ ನಗುತ್ತಾರೆ, ಸಾಲು ತಿದ್ದಿಕೊಳ್ಳುತ್ತದೆ. ಆ ತೀರ್ಪಿಗಿಂತ ಕಠಿಣವಾದ ವಿಮರ್ಶೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಈ ಕಾರಣಕ್ಕೇ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್ ಹಾಕಿ ಜನಪದ ಹಾಡು ಹೇಳಿಸುವುದನ್ನು ನಾನು ಒಪ್ಪುವುದಿಲ್ಲ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಯಾವ ಸಾಲನ್ನೂ ನಿರಾಕರಿಸುವುದಿಲ್ಲ.

ಮುಂದಿನ ಸುಗ್ಗಿಗೆ ಅಂಕೋಲೆ, ಕುಮಟೆಯ ಕಡೆ ಬರುವವರಲ್ಲಿ ನನ್ನದೊಂದು ಕೋರಿಕೆ ಇದೆ. ಮೊಬೈಲಿನಲ್ಲಿ ಮೂವತ್ತು ಸೆಕೆಂಡು ಹಿಡಿದು ಹೊರಡಬೇಡಿ. ಒಂದು ಹಾಡನ್ನು ಆರಂಭದಿಂದ ಕೊನೆಯವರೆಗೆ ಹಿಡಿಯಿರಿ, ಫೋನನ್ನು ಸೊಲ್ಲು ಎತ್ತುವವರ ಬದಿಗೆ ಇಡಿ. ಹಾಡುವವರ ಒಪ್ಪಿಗೆ ಪಡೆದು, ಅವರ ತವರೂರು ಯಾವುದು, ಹಾಡನ್ನು ಯಾರಿಂದ ಕಲಿತರು, ಆ ದಿನ ಯಾರ ಅಂಗಳದಲ್ಲಿ ಹಾಡಿದರು ಎಂಬುದನ್ನು ಕಡತದ ಹೆಸರಿನ ಜೊತೆಗೇ ಬರೆದಿಟ್ಟುಕೊಳ್ಳಿ. ಆ ಇಬ್ಬರು ಯುವಕರಿಗೂ ಇದನ್ನೇ ಹೇಳಿದೆ. ಒಬ್ಬನು ಅಜ್ಜಿಯ ಮನೆಯ ದಾರಿ ಕೇಳಿಕೊಂಡು ಹೋಗಿದ್ದಾನೆ. ಅವನು ಸಿದ್ದಾಪುರದವನು, ಅವನಿಗೆ ಯಾವ ಹೊಳೆ ಸಿಕ್ಕಿತೆಂಬ ಸುದ್ದಿ ಇನ್ನೂ ಬಂದಿಲ್ಲ.